ಸುಮ್ಮನಿದ್ದವನ ಕಲ್ಲು

ಬಾನಿಕೊಪ್ಪದಲ್ಲಿ ಬಸ್ಸಿಳಿದು, ಶಾಲೆಯ ಹಿಂದಿನ ಕಾಲುದಾರಿ ಹಿಡಿದು ಮುಕ್ಕಾಲು ಗಂಟೆ ಏರಿದರೆ ಕಾನಮ್ಮನ ಗುಡ್ಡದ ನೆತ್ತಿ ಸಿಗುತ್ತದೆ. ನೆತ್ತಿಯೆಂದು ಹೇಳಿದ ಮಾತ್ರಕ್ಕೆ ಗಾಳಿ ಬೀಸುವ ಬೋಳು ಬಯಲನ್ನು ನೆನೆದುಕೊಂಡು ಬರಬಾರದು. ಅಲ್ಲಿರುವುದು ಹಗಲಿನಲ್ಲೂ ಮಬ್ಬು ಹರಿಯದ ಕಾನು. ಧೂಪದ ಮರ, ಹೆಬ್ಬಲಸು, ಗುಳಮಾವು ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಿವೆ, ಬುಡದಲ್ಲಿ ಬೆತ್ತದ ಮುಳ್ಳು, ನೆಲದಲ್ಲಿ ನೆತ್ತರು ಹೀರುವ ಇಂಬಳ. ಈ ಕಾನಿನ ನಡುವೆ ಒಂದು ಮುದಿ ಗೋಳಿಮರ, ಅದರ ಮುಂದೆ ಗುಡಿಯೂ ಗೋಪುರವೂ ಇಲ್ಲದೆ ಬಯಲಲ್ಲೇ ನಿಂತ ಕಾನಮ್ಮ, ಪಕ್ಕದಲ್ಲಿ ಬೇಸಗೆಯಲ್ಲೂ ಬತ್ತದ ಸಣ್ಣದೊಂದು ತೊರೆ. ಗೋಳಿ ಹಣ್ಣಾಗುವ ದಿನಗಳಲ್ಲಿ ಇಲ್ಲಿಗೆ ಜನ ಬರುವುದು ಅಮ್ಮನನ್ನು ನೋಡುವುದಕ್ಕಿಂತ ಹೆಚ್ಚಾಗಿ ನೀಲಿಹಕ್ಕಿಯನ್ನು ನೋಡಲಿಕ್ಕೆ. ಮೊಳದುದ್ದದ ಕ್ಯಾಮೆರಾ ಹೊತ್ತವರು ಕತ್ತು ನೋಯುವವರೆಗೆ ಮೇಲೆ ನೋಡುತ್ತಾ ಕೂರುತ್ತಾರೆ. ಅವರನ್ನು ದೂರುವಂತಿಲ್ಲ, ಹಕ್ಕಿ ಹಾಗಿದೆ. ಮೈನಾದಷ್ಟು ಗಾತ್ರ. ಗಂಡಿನ ಮುಖ, ಗಂಟಲು, ಹೊಟ್ಟೆ, ರೆಕ್ಕೆ ಎಲ್ಲವೂ ಕಡುಗಪ್ಪು. ಆ ಕಪ್ಪಿನ ಮೇಲೆ ನೆತ್ತಿಯಿಂದ ಬಾಲದ ಬುಡದವರೆಗೆ ಯಾರೋ ನೀಲಿಯನ್ನು ಕೊಡದಲ್ಲಿ ತುಂಬಿ ಸುರಿದ ಹಾಗೆ. ಕಣ್ಣು ಮಾತ್ರ ಕೆಂಪು. ಹೆಣ್ಣು ಪಾಪ, ಮಾಸಿದ ನೀಲಿಹಸಿರಿನ ಸಾದಾ ಮೈಯವಳು. ಇವು ನೆಲಕ್ಕೆ ಇಳಿಯುವುದು ಅಪರೂಪ. ಮರದ ತುದಿಯಲ್ಲೇ ಇವುಗಳ ಸಂಸಾರ, ಗೋಳಿ ಬಸರಿಗಳ ಹಣ್ಣೇ ಊಟ, ಬಿಸಿಲೇರಿದಾಗ ಹಿಂಡಾಗಿ ತೊರೆಗಿಳಿದು ಮೀಯುವುದೊಂದೇ ಚಟ. ದನಿಯೋ, ತುಂಬಿದ ಹರವಿಗೆ ಮೇಲಿಂದ ಹನಿ ಬಿದ್ದಂತೆ, ದುಂಡಗೆ, ಒದ್ದೆಯಾಗಿ ಕೇಳುತ್ತದೆ.

ಗೋಳಿಮರದ ಬುಡದಲ್ಲಿ ಮಣೆಯಂತೆ ಚಪ್ಪಟೆಯಾದ ಒಂದು ಕಲ್ಲಿದೆ. ಅದರ ಹೆಸರು ಸುಮ್ಮನಿದ್ದವನ ಕಲ್ಲು. ಹೊರಗಿನಿಂದ ಬಂದವರು ಯಾವನೋ ತಪಸ್ವಿ ಮೌನವ್ರತ ಹಿಡಿದು ಕುಳಿತಿದ್ದಿರಬೇಕೆಂದು ಕಲ್ಲಿಗೆ ಕೈಮುಗಿದು ಹೋಗುವುದುಂಟು. ಊರಿನ ಹಿರಿಯರು ಆಗ ಬೇರೆ ಕಡೆ ನೋಡುತ್ತಾರೆ. ಕಥೆ ಹೇಳಲು ಅವರಿಗೆ ಅಷ್ಟೇನೂ ಇಷ್ಟವಿಲ್ಲ. ಆದರೆ ಕೇಳಿದವರಿಗೆ ಹೇಳದೆ ಇರುವ ಹಾಗೂ ಇಲ್ಲ, ಅದೇಕೆಂದು ಕೊನೆಗೆ ತಿಳಿಯುತ್ತದೆ.

ಹಿಂದೆ ಒಮ್ಮೆ, ಈ ಸೀಮೆಗೆ ದಾರಿಯೆಂದರೆ ಎತ್ತಿನ ಗಾಡಿಯ ಜಾಡು ಮಾತ್ರವಾಗಿದ್ದ ಕಾಲದಲ್ಲಿ, ಬಾನಿಕೊಪ್ಪದಲ್ಲಿ ನೇಕಾರರ ನಲವತ್ತು ಮನೆಗಳೂ ಬಣ್ಣಗಾರರ ಒಂದೇ ಒಂದು ಮನೆಯೂ ಇದ್ದವಂತೆ. ಆ ಒಂದು ಮನೆಯ ಯಜಮಾನ ಬೂಚಯ್ಯ. ನೀಲಿಗಿಡವನ್ನು ಕೊಳೆಹಾಕಿ, ಸುಣ್ಣ ಬೆಲ್ಲ ತಗಚೆಬೀಜ ಕೂಡಿಸಿ, ಕಲ್ಲಿನ ಬಾನಿಯಲ್ಲಿ ಬಣ್ಣ ಹದಮಾಡುವುದು ಅವನ ಕಸುಬು. ಬಾನಿಯ ನೀರನ್ನು ನಾಲಿಗೆಗೆ ಮುಟ್ಟಿಸಿ, ಇನ್ನೆಷ್ಟು ದಿನ ಬೇಕೆಂದು ಹೇಳುತ್ತಿದ್ದ. ಅವನ ಎರಡೂ ಕೈ ಮೊಣಕೈವರೆಗೆ ನೀಲಿ. ಮದುವೆಯಲ್ಲಿ ಊಟಕ್ಕೆ ಕುಳಿತಾಗ ಹೊಸ ಬೀಗರು ಆ ಕೈ ಕಂಡು ಬೆಚ್ಚಿದರೆ, ಅವನು ನಕ್ಕು, ಇನ್ನೂ ಚೆನ್ನಾಗಿ ಕಾಣುವಂತೆ ಚಾಚಿ ತೋರಿಸುತ್ತಿದ್ದ. ಜಂಭವಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಕೆಲಸ ಬಲ್ಲವನ ಜಂಭ. ಅವನು ಅದ್ದಿದ ಸೀರೆ ಹರಿದು ಚಿಂದಿಯಾದರೂ ಬಣ್ಣ ಬಿಡುತ್ತಿರಲಿಲ್ಲ. ಹೊಸ ಬಣ್ಣ ಬಂದರೆ ಅವನು ಮೊದಲು ಮಾಡುತ್ತಿದ್ದುದು ಒಂದೇ ಪರೀಕ್ಷೆ, ಒದ್ದೆಮಾಡಿ ಬಿಳಿ ಬಟ್ಟೆಗೆ ತಿಕ್ಕುವುದು. ಬಟ್ಟೆಗೆ ಬಣ್ಣ ಹತ್ತಿದರೆ ಅದು ಕಚ್ಚಾ, ಹತ್ತದಿದ್ದರೆ ಪಕ್ಕಾ. ಅವನಪ್ಪನೂ ಅಜ್ಜನೂ ಇದನ್ನೇ ನಂಬಿ ಬದುಕಿದ್ದರು.

ಪ್ರತಿ ಚೈತ್ರ ಹುಣ್ಣಿಮೆಗೆ ಕಾನಮ್ಮನಿಗೆ ಹೊಸ ಸೀರೆ ಉಡಿಸುವುದು ಊರಿನ ನಡಾವಳಿ. ನೇಯುವುದು ನೇಕಾರರ ಸರದಿ, ಬಣ್ಣ ಯಾವಾಗಲೂ ಬೂಚಯ್ಯನ ಮನೆಯದು. ಬೆಳಗಾಗುವ ಮುಂಚೆಯೇ ಊರೆಲ್ಲ ಗುಡ್ಡ ಹತ್ತಿ, ಗೋಳಿಮರದ ಕೆಳಗೆ ಮಾತಿಲ್ಲದೆ ಕೂರಬೇಕು. ಮರದ ಮೇಲಿಂದ ನೀಲಿಹಕ್ಕಿಯ ಮೊದಲ ದನಿ ಕೇಳಿದಾಗ, ಅಮ್ಮ ಒಪ್ಪಿದಳು ಎಂದುಕೊಂಡು ಸೀರೆ ಉಡಿಸಬೇಕು. ಹಣ್ಣಿನ ಕಾಲವಾದ್ದರಿಂದ ಹಕ್ಕಿ ಒಂದು ವರ್ಷವೂ ಕಾಯಿಸಿದ್ದಿಲ್ಲ. ಆ ಹಕ್ಕಿಯನ್ನು ಕೊಲ್ಲಬಾರದೆಂಬ ಕಟ್ಟಳೆ ಮಾತ್ರ ಊರಲ್ಲಿ ಇರಲಿಲ್ಲ. ಯಾರಾದರೂ ಕೊಲ್ಲಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಒಂದು ವರ್ಷ ನೇಕಾರರ ಹಿರಿಯ ಜೋಗಯ್ಯನ ಸೊಸೆ ಕರಾವಳಿಯ ತವರಿನಿಂದ ಬರುವಾಗ ಒಂದು ನೀಲಿ ಸೀರೆ ಉಟ್ಟು ಬಂದಳು. ಯಾವ ದೇಶದ ಹಡಗಿನಲ್ಲಿ ಬಂದ ಸೀರೆಯೋ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹೆಂಗಸರು ಸುತ್ತ ನೆರೆದು ಸೆರಗು ಮುಟ್ಟಿ ಮುಟ್ಟಿ ನೋಡಿದರು. ಕಟ್ಟೆಯ ಮೇಲಿದ್ದ ಯಾರೋ, "ನಮ್ಮ ಬೂಚಣ್ಣನ ನೀಲಿ ಇದರ ಮುಂದೆ ಕಲಗಚ್ಚು ಬಿಡಿ" ಎಂದು ನಕ್ಕರು. ತಮಾಷೆಯ ಮಾತು, ಆಡಿದವನು ಆ ಗಳಿಗೆಯೇ ಮರೆತಿರಬೇಕು. ಬೂಚಯ್ಯ ಮರೆಯಲಿಲ್ಲ. ಎಲ್ಲರ ಎದುರಿಗೆ ಎದ್ದು ನಿಂತು, "ಬರೋ ಚೈತ್ರ ಹುಣ್ಣಿಮೆಗೆ ಅಮ್ಮನಿಗೆ ಉಡಿಸೋ ನೀಲಿ ನೋಡಿ. ಇದುವರೆಗೆ ಯಾವ ಬಟ್ಟೇನೂ ಕಂಡಿರಬಾರದು, ಅಂಥಾದ್ದು ಕೊಡ್ತೀನಿ. ಕೊಡ್ಲಿಲ್ಲ ಅಂದ್ರೆ ಬಾನಿ ಮುಟ್ಟೋದೇ ಬಿಡ್ತೀನಿ" ಎಂದುಬಿಟ್ಟ. ಮನೆಗೆ ಬಂದ ಮೇಲೆ ಹೆಂಡತಿ ಮಾಕವ್ವ, "ಅಂಥ ಬಣ್ಣ ಎಲ್ಲಿದೆ?" ಎಂದು ಕೇಳಿದಳು. ಮಾತು ಕೊಟ್ಟಾಗಿತ್ತು, ಬಣ್ಣ ಇನ್ನು ಹುಡುಕಬೇಕಿತ್ತು.

ಆರು ವಾರ ಅವನು ಬಾನಿಯೊಂದಿಗೆ ಗುದ್ದಾಡಿದ. ಸುಣ್ಣ ಹೆಚ್ಚಿಸಿದ, ಬೆಲ್ಲ ಹೆಚ್ಚಿಸಿದ, ಒಂದು ಎಳೆಯನ್ನು ಇಪ್ಪತ್ತು ಸಲ ಅದ್ದಿ ನೋಡಿದ. ನೀಲಿ ಗಾಢವಾಯಿತೇ ಹೊರತು ಹೊಳೆಯಲಿಲ್ಲ. ಒಂದು ಮಧ್ಯಾಹ್ನ ಬೇಸತ್ತು, ಬಣ್ಣಕ್ಕೆ ಬೇಕಾಗುವ ತೊಗಟೆ ಹುಡುಕುವ ನೆಪದಲ್ಲಿ ಕಾನಿಗೆ ಹೋಗಿ ತೊರೆಯ ಬಳಿ ಕುಳಿತಿದ್ದಾಗ, ನೀಲಿಹಕ್ಕಿಗಳ ಹಿಂಡು ಮೀಯಲು ಇಳಿಯಿತು. ಹುಟ್ಟಿದಾಗಿನಿಂದ ನೋಡಿದ ಹಕ್ಕಿಯೇ. ಆದರೆ ಆ ದಿನ ಅವನು ನೋಡಿದ್ದು ಹಕ್ಕಿಯನ್ನಲ್ಲ, ಬಣ್ಣವನ್ನು. ನೆರಳಲ್ಲಿ ಕಾಗೆಯಷ್ಟೇ ಕಪ್ಪಾಗಿದ್ದ ಒಂದು ಗಂಡು ಕೋಲುಬಿಸಿಲಿಗೆ ಹಾರಿ ಕುಳಿತದ್ದೇ ತಡ, ಬೆನ್ನೆಲ್ಲ ನೀಲಿಯಾಗಿ ಹೊತ್ತಿಕೊಂಡಿತು. ಅದು ಮೈಕೊಡವಿದಾಗ ಒಂದು ಗರಿ ನೀರಿಗೆ ಬಿತ್ತು. ಬೂಚಯ್ಯ ಮೊಣಕಾಲುದ್ದ ನೀರಿಗಿಳಿದು ಅದನ್ನು ಎತ್ತಿಕೊಂಡ, ಸೊಂಟದ ಬಿಳಿ ಅಂಗವಸ್ತ್ರ ತೆಗೆದು ಒದ್ದೆ ಗರಿಯನ್ನು ತಿಕ್ಕಿದ. ಬಟ್ಟೆ ಬೆಳ್ಳಗೇ ಉಳಿಯಿತು. ಇನ್ನೊಮ್ಮೆ ಬಲವಾಗಿ ತಿಕ್ಕಿದ. ಒಂದು ಚೂರೂ ಹತ್ತಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದರಲ್ಲಿ ಬಣ್ಣವೇ ಇಲ್ಲವೆಂದು ಗರಿಯನ್ನು ಎಸೆದು ಮನೆಗೆ ಹೋಗುತ್ತಿದ್ದರು. ಅವನು ಬಣ್ಣಗಾರ. ಬಿಡದ ಬಣ್ಣವೇ ಪಕ್ಕಾ ಬಣ್ಣವೆಂದು ಮೂರು ತಲೆಮಾರು ನಂಬಿದ ಮನೆಯವನು. ಇಷ್ಟು ಪಕ್ಕಾ ನೀಲಿಯನ್ನು ತಾನು ಜನ್ಮದಲ್ಲೇ ಕಂಡಿಲ್ಲವೆಂದು ಅವನ ಎದೆ ಕುಣಿಯಿತು.

ಹೊಸ ಬಣ್ಣ ಹದಕ್ಕೆ ಬರುವವರೆಗೆ ಬಾನಿಯ ಹತ್ತಿರ ಯಾರೂ ಸುಳಿಯಬಾರದು, ಕಣ್ಣು ಬಿದ್ದರೆ ಬಾನಿ ಕೆಡುತ್ತದೆ ಎಂಬುದು ಆ ಕಸುಬಿನ ಹಳೆಯ ನಂಬಿಕೆ. ಹೀಗಾಗಿ ಬೂಚಯ್ಯ ತೊರೆಯ ಮೇಲುಗಡೆ ಸೊಪ್ಪಿನ ಮರೆ ಕಟ್ಟಿಕೊಂಡು, ಬಂಡೆಯಲ್ಲಿದ್ದ ಒಂದು ಗುಳಿಯನ್ನೇ ಬಾನಿ ಮಾಡಿಕೊಂಡಾಗ ಊರವರು ಯಾರೂ ಇಣುಕಲಿಲ್ಲ. ಅವನು ಗೋಳಿಹಾಲು ಕಾಯಿಸಿ ಅಂಟು ಮಾಡಿದ. ಮರ ಹತ್ತಿ ಹಣ್ಣಿರುವ ಕೊಂಬೆಗಳಿಗೆ ಅದನ್ನು ಬಳಿದ. ಹಕ್ಕಿಗಳು ಬಂದು ಕುಳಿತವು, ಮತ್ತೆ ಏಳಲಿಲ್ಲ. ಹೆಣ್ಣು ಸಿಕ್ಕಿದರೆ ಕಾಲಿಗೆ ಎಣ್ಣೆ ಸವರಿ, ಅಂಟು ಬಿಡಿಸಿ, ಹಾರಲು ಬಿಡುತ್ತಿದ್ದ. ತಾನು ದಯವಂತನೆಂದು ಆಗ ಅವನಿಗೆ ಅನ್ನಿಸುತ್ತಿತ್ತಂತೆ, ಮುಂದೆ ಅವನು ಎಲ್ಲಕ್ಕಿಂತ ಹೆಚ್ಚು ನಾಚಿದ್ದು ಆ ಅನಿಸಿಕೆಗೇ. ಬಿಟ್ಟ ಹೆಣ್ಣುಗಳು ಹೋಗುತ್ತಿರಲಿಲ್ಲ. ಅದೇ ಮರದಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕರೆಯುತ್ತಿದ್ದವು. ಒಂದು ಗಂಡಿನ ಮೈಯಿಂದ ಸಿಗುವ ನೀಲಿ ಗರಿ ಒಂದು ಹಿಡಿ. ಸೀರೆಗೆ ಬುಟ್ಟಿಗಟ್ಟಲೆ ಬೇಕು. ಇಪ್ಪತ್ತು ದಿನ ಅವನು ಹಿಡಿದ, ಕತ್ತು ತಿರುಚಿದ, ಗರಿ ಕಿತ್ತ. ಉಳಿದದ್ದನ್ನು ಹಳ್ಳದಾಚೆ ಹುಗಿದ. ಎರಡು ಬುಟ್ಟಿ ತುಂಬುವ ಹೊತ್ತಿಗೆ ಅಂಟಿನ ಕೊಂಬೆಗಳು ಖಾಲಿ ಉಳಿಯತೊಡಗಿದ್ದವು, ಕರೆಯುತ್ತಿದ್ದ ಹೆಣ್ಣುಗಳೂ ಎತ್ತಲೋ ಹೋಗಿದ್ದವು. ಕಾನಿನಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಯೋಚಿಸಲಿಲ್ಲ, ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು.

ಗರಿಗಳನ್ನು ಬೂದಿನೀರಲ್ಲಿ ನೆನೆಹಾಕಿದ. ನೀರು ನೀರಾಗಿಯೇ ಉಳಿಯಿತು. ಕುದಿಸಿದ, ಗರಿ ಮುದುಡಿತೇ ಹೊರತು ನೀರಿಗೆ ನೀಲಿ ಇಳಿಯಲಿಲ್ಲ. ಎಷ್ಟು ಪಕ್ಕಾ ಬಣ್ಣವಪ್ಪಾ, ಬಿಡುವುದೇ ಇಲ್ಲವಲ್ಲ ಎಂದು ಆಗಲೂ ಅವನಿಗೆ ಹೆಮ್ಮೆಯೇ. ಕೊನೆಗೆ ಬುಟ್ಟಿಯ ಗರಿಯನ್ನೆಲ್ಲ ಒರಳಿಗೆ ಹಾಕಿ ಕುಟ್ಟಿದ. ಕುಟ್ಟಿದಂತೆಲ್ಲ ನೀಲಿ ಕಂತುತ್ತಾ ಬಂತು. ನುಣ್ಣಗಾಗುವ ಹೊತ್ತಿಗೆ ಒರಳಲ್ಲಿ ಉಳಿದದ್ದು ಕಂದುಗಪ್ಪು ಪುಡಿ, ಒಲೆಯ ಹಿಂದೆ ಗೋಡೆಗೆ ಹತ್ತಿದ ಕಿಟ್ಟದಂಥದ್ದು. ಅವನು ಬೆರಳಿನಿಂದ ಅದನ್ನು ಕೆದಕಿ ಕೆದಕಿ ಹುಡುಕಿದ. ಹೊರಗೆ ಬಿಸಿಲಿಗೆ ತಂದು ನೋಡಿದ. ನಾಲಿಗೆಗೆ ಮುಟ್ಟಿಸಿ ನೋಡಿದ. ನೀಲಿ ಎಲ್ಲೂ ಇರಲಿಲ್ಲ. ಹಕ್ಕಿ ಇಡಿಯಾಗಿದ್ದು ಬಿಸಿಲಿಗೆ ಬಂದಾಗ ಮಾತ್ರ ಕಾಣುವಂಥದ್ದು ಅದು, ಕಿತ್ತು ತರುವ ಬಣ್ಣವೇ ಆಗಿರಲಿಲ್ಲವೆಂದು ಅವನಿಗೆ ಮೆಲ್ಲಗೆ ಅರ್ಥವಾಯಿತು. ಬಣ್ಣ ಬಲ್ಲವನೆಂದು ಊರೂರಿಗೆ ಕೈಚಾಚಿ ತೋರಿಸಿದವನು, ಏನೂ ಇಲ್ಲದ್ದಕ್ಕಾಗಿ ಒಂದು ಕಾಡನ್ನೇ ಬರಿದು ಮಾಡಿದ್ದ. ಮಾಕವ್ವನಿಗೆ ಹೇಳಿದಾಗ ಅವಳು, "ಬಾನಿ ಕೆಟ್ಟಿತು ಅಂದುಬಿಡಿ. ಬಾನಿ ಕೆಡದ ಮನೆ ಯಾವುದಿದೆ? ಯಾರೂ ಬಾಯಿಬಿಟ್ಟು ಕೇಳೋದಿಲ್ಲ" ಎಂದಳು. ಬೂಚಯ್ಯ ಹಾಗೆಯೇ ಹೇಳಿದ. ಅವಳು ಹೇಳಿದಂತೆ ಯಾರೂ ಏನೂ ಕೇಳಲಿಲ್ಲ. "ಹೋಗಲಿ ಬಿಡು, ಬಿಳಿ ಸೀರೆನೇ ಉಡಿಸೋಣ" ಎಂದು ಜೋಗಯ್ಯ ಅವನ ಬೆನ್ನು ತಟ್ಟಿದ.

ಹುಣ್ಣಿಮೆಯ ಬೆಳಗ್ಗೆ ಊರೆಲ್ಲ ಗೋಳಿಮರದ ಕೆಳಗೆ ಕುಳಿತಿತು. ಬೂಚಯ್ಯನದು ಮರದ ಬುಡದ ಚಪ್ಪಟೆ ಕಲ್ಲು, ಅವನ ಮನೆತನದವರು ಕೂರುತ್ತಿದ್ದ ಜಾಗ. ಬೆಳಕು ಹರಿಯಿತು. ಹಕ್ಕಿ ಕೂಗಲಿಲ್ಲ. ಬಿಸಿಲು ಎಲೆಗಳ ನಡುವಿನಿಂದ ಇಳಿದು ನೆಲ ಮುಟ್ಟಿತು. ಕೂಗಲಿಲ್ಲ. ಮಡಿಲಲ್ಲಿದ್ದ ಕೂಸುಗಳು ಹಸಿದು ಅತ್ತವು, ಅಮ್ಮಂದಿರು ಮೊಲೆ ಕೊಟ್ಟು ಅವುಗಳ ಅಳು ನಿಲ್ಲಿಸಿದರು. ಮಧ್ಯಾಹ್ನವಾಗುವ ಹೊತ್ತಿಗೆ ಜನರ ಮುಖ ಬಿಳುಚಿಕೊಂಡಿತ್ತು. ಬಾನಿ ಕೆಟ್ಟದ್ದೂ ಹಕ್ಕಿ ಕೂಗದ್ದೂ ಒಂದಕ್ಕೊಂದು ಕೂಡಿಕೊಂಡು ಎಲ್ಲರ ಮನಸ್ಸಿನಲ್ಲಿ ಒಂದೇ ಮಾತಾಯಿತು, ಅಮ್ಮ ಮುನಿದಿದ್ದಾಳೆ. ತಾನು ಹೇಳಿದ ಸುಳ್ಳು ಹೀಗೆ ಸಾಕ್ಷಿಯಾಗಿ ನಿಂತದ್ದನ್ನು ಬೂಚಯ್ಯ ಕಂಡ. ಜೋಗಯ್ಯ ಎದ್ದುನಿಂತು, "ಯಾರ ಕೈಯಲ್ಲಾದರೂ ತಪ್ಪು ನಡೆದಿದ್ರೆ ಹೇಳಿಬಿಡಿ. ಹೇಳಿದೋರ್‍ನ ಅಮ್ಮ ಕೈಬಿಡೋದಿಲ್ಲ" ಎಂದ. ಆಗ ಒಬ್ಬೊಬ್ಬರೇ ಎದ್ದರು. ಸೀರೆ ನೇಯ್ದವನು, ಉದ್ದದಲ್ಲಿ ಒಂದು ಗೇಣು ಕಡಿಮೆ ಮಾಡಿದ್ದೇನೆಂದು ಕೆನ್ನೆ ಬಡಿದುಕೊಂಡ. ಒಬ್ಬಳು, ಅಮ್ಮನ ಹಾಲಿಗೆ ನೀರು ಬೆರೆಸಿದ್ದೆನೆಂದಳು. ಜೋಗಯ್ಯನ ಸೊಸೆ, ಹಡಗಿನ ಸೀರೆಯುಟ್ಟು ಮೆರೆದದ್ದು ತನ್ನದೇ ತಪ್ಪೆಂದು ಬಿಕ್ಕಿದಳು. ಆ ಮಾತು ಬೂಚಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. ಈಗ ಏಳುತ್ತೇನೆ, ಇವಳು ಕುಳಿತ ಮೇಲೆ ಏಳುತ್ತೇನೆ ಎಂದುಕೊಂಡ. ಪ್ರತಿಯೊಬ್ಬರು ಕುಳಿತಾಗಲೂ ಹಾಗೆಯೇ ಅಂದುಕೊಂಡ.

ಕೊನೆಯಲ್ಲಿ ಎದ್ದವಳು ದುಗ್ಗಜ್ಜಿ. ಅವಳು ಊರಿನವಳಲ್ಲ, ಕಾನಿನ ಜೇನು ಕೀಳುವ ಜನದವಳು. ಗಂಡ ಮಕ್ಕಳು ಎಲ್ಲ ಹೋಗಿ, ಗುಡ್ಡದ ಓರೆಯಲ್ಲೊಂದು ಗುಡಿಸಲು ಹಾಕಿಕೊಂಡು, ಗೆಡ್ಡೆಗೆಣಸು ಅಗೆದು, ಬೂಚಯ್ಯನಿಗೆ ಬಣ್ಣದ ತೊಗಟೆ ತಂದುಕೊಟ್ಟು ಬದುಕುತ್ತಿದ್ದ ಒಂಟಿ ಜೀವ. "ಅಮ್ಮನ ಮರದ ಹಣ್ಣನ್ನ ನಾನು ದಿನಾ ಆರಿಸಿ ತಿಂದೆ" ಎಂದಳು. ಅಷ್ಟು ಹೇಳಿ ಕೂರಲಿಲ್ಲ, ನಿಂತೇ ಇದ್ದಳು, ಬೂಚಯ್ಯನ ಕಡೆಗೇ ನೋಡುತ್ತಾ. ಸಭೆಯಲ್ಲಿ ಗುಜುಗುಜು ಎದ್ದಿತು. ಹಕ್ಕಿಯ ಆಹಾರ ಇವಳು ತಿಂದಳು, ಹಕ್ಕಿ ಹೊರಟುಹೋಯಿತು, ಲೆಕ್ಕ ಸರಿಹೋಯಿತು ಎಂದು ಒಬ್ಬ ಅಂದ. ಮುದುಕಿ ಒಂದು ಮಡಿಲು ಹಣ್ಣು ತಿಂದರೆ ಆ ಮರಕ್ಕೆ ಏನು ಕಡಿಮೆಯಾದೀತು ಎಂದು ಕೇಳುವಷ್ಟು ಬುದ್ಧಿ ಅಲ್ಲಿದ್ದ ಯಾರಿಗೂ ಇರಲಿಲ್ಲವೆಂದಲ್ಲ. ತಪ್ಪು ತಮ್ಮವರದಲ್ಲ ಎಂಬ ನೆಮ್ಮದಿ ಅಷ್ಟು ರುಚಿಯಾಗಿತ್ತು. ಹಕ್ಕಿ ಮತ್ತೆ ಕೂಗುವವರೆಗೆ ಅವಳು ಈ ಗುಡ್ಡದಲ್ಲಿ ಕಾಲಿಡಕೂಡದೆಂದು ಹಿರಿಯರು ತೀರ್ಮಾನಿಸಿದರು. ಜೋಗಯ್ಯನಿಗೆ ಮನಸ್ಸು ಕಚ್ಚಿತೋ ಏನೋ, ಅವಳ ಒಡನಾಟವಿದ್ದವನು ಬೂಚಯ್ಯನೊಬ್ಬನೇ ಎಂದು ಅವನತ್ತ ತಿರುಗಿ, "ನೀನೇನಂತೀಯ ಬೂಚಣ್ಣ?" ಎಂದು ಕೇಳಿದ. ಎಲ್ಲರೂ ಅವನನ್ನು ನೋಡಿದರು. ದುಗ್ಗಜ್ಜಿಯೂ ನೋಡಿದಳು. ಬೂಚಯ್ಯ ತನ್ನ ನೀಲಿ ಕೈಗಳನ್ನು ಪಂಚೆಯ ಮಡಿಕೆಯೊಳಗೆ ಎಳೆದುಕೊಂಡು, ನೆಲ ನೋಡುತ್ತಾ ಸುಮ್ಮನಿದ್ದ. ಒಪ್ಪಿಗೆಯೆಂದು ಎಲ್ಲರೂ ಎದ್ದರು. ಅಮ್ಮನಿಗೆ ಆ ವರ್ಷ ಹಳೆಯ ಸೀರೆಯೇ ಉಳಿಯಿತು.

ಮುದುಕಿ ಗುಡ್ಡ ಬಿಟ್ಟು, ಊರಾಚೆ ಗಾಡಿದಾರಿಯ ಪಕ್ಕದಲ್ಲಿ ನಾಲ್ಕು ಗಳ ನೆಟ್ಟು ಸೊಪ್ಪು ಹೊದಿಸಿಕೊಂಡಳು. ಬಯಲಿನಲ್ಲಿ ಅವಳಿಗೆ ಗೊತ್ತಿದ್ದ ಗೆಡ್ಡೆ ಇರಲಿಲ್ಲ, ಜೇನೂ ಇರಲಿಲ್ಲ. ಬೂಚಯ್ಯನಿಗೆ ಅನ್ನ ಸೇರಲಿಲ್ಲ. ಹದಿನೆಂಟು ದಿನ ತಡೆದುಕೊಂಡ. ಹತ್ತೊಂಬತ್ತನೆಯ ದಿನ ಮಾಕವ್ವನಿಂದ ಅಕ್ಕಿ ಕಟ್ಟಿಸಿಕೊಂಡು ಹೋಗಿ, ಗಂಟನ್ನು ಅವಳ ಮುಂದಿಟ್ಟು ತಲೆ ಬಗ್ಗಿಸಿ ನಿಂತ. ಅವಳು ಗಂಟನ್ನು ಬಿಚ್ಚಲಿಲ್ಲ.

"ನಿನ್ನ ಅಂಟಿನ ಕೊಂಬೆ ನಾನು ನೋಡಿದ್ದೆ ಮಗಾ" ಎಂದಳು. "ಹಳ್ಳದಾಚೆ ನೀನು ಹುಗಿದದ್ದನ್ನ ನರಿ ಕೆದರಿತ್ತು. ಮತ್ತೆ ಮಣ್ಣು ಮುಚ್ಚಿದೋಳು ನಾನೇ."

ಬೂಚಯ್ಯನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. "ಮತ್ತೆ ಯಾಕಜ್ಜಿ ಹೇಳ್ಲಿಲ್ಲ? ನಿನ್ನ ತಲೆಮೇಲೆ ಯಾಕೆ ಹಾಕ್ಕೊಂಡೆ?"

"ಹಣ್ಣು ತಿಂದದ್ದು ಸುಳ್ಳಲ್ವಲ್ಲ. ನಾನೂ ಒಂದು ಹೇಳಿದ್ರೆ ನಿಂಗೆ ಹೇಳೋಕೆ ಸಲೀಸಾಗ್ತದೆ ಅಂದ್ಕೊಂಡೆ. ಎದ್ದು ನಿಂತು ಎಷ್ಟು ಹೊತ್ತು ನಿನ್ನ ದಾರಿ ನೋಡಿದೆ ಗೊತ್ತಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಅಕ್ಕಿ ತಗೊಂಡು ಹೋಗು. ನಾನು ಕಾದದ್ದು ಅಕ್ಕಿಗಲ್ಲ."

ಅವನು ಗಂಟು ಹೊತ್ತು ಹಿಂದಿರುಗಿದ. ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡ. ಮರುದಿನ ಸಂತೆ, ಜನ ಇರುವುದಿಲ್ಲವೆಂದು ಅದರ ಮರುದಿನಕ್ಕೆ ಹಾಕಿದ. ನಾಲ್ಕನೆಯ ದಿನ ಬೆಳಗ್ಗೆ, ಮಗ್ಗಗಳ ಸದ್ದು ಇನ್ನೇನು ಆರಂಭವಾಗಬೇಕು ಅನ್ನುವಾಗ, ಒರಳಿನ ಕರಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಕಟ್ಟೆಯ ಮೇಲೆ ಸುರಿದು, ಎಲ್ಲರನ್ನೂ ಕೂಗಿ ಕರೆದ. ಅಂಟಿನಿಂದ ಹಿಡಿದು ಒರಳಿನವರೆಗೆ, ಬಾನಿಯ ಸುಳ್ಳಿನಿಂದ ಹಿಡಿದು ಮುದುಕಿಯ ಮಾತಿನವರೆಗೆ ಒಂದನ್ನೂ ಬಿಡದೆ ಹೇಳಿದ. ಯಾರೂ ಬೈಯಲಿಲ್ಲ. ಎಲ್ಲರ ತಲೆಯೂ ಕೆಳಗಾಗಿತ್ತು. ಜೋಗಯ್ಯ ಚಪ್ಪಲಿಯನ್ನೂ ಮೆಟ್ಟದೆ ಗಾಡಿದಾರಿಯತ್ತ ಓಡಿದ, ಊರೇ ಅವನ ಹಿಂದೆ ಓಡಿತು. ಸೊಪ್ಪಿನ ಗುಡಿಸಲು ಬರಿದಾಗಿತ್ತು, ಒಲೆಯ ಬೂದಿ ತಣ್ಣಗಿತ್ತು. ಹಿಂದಿನ ದಿನ ಉಪ್ಪು ಮಾರಿ ಘಟ್ಟ ಇಳಿಯುತ್ತಿದ್ದ ಗಾಡಿಗಳ ಜೊತೆಯಲ್ಲಿ ಒಬ್ಬ ಮುದುಕಿ ನಡೆದುಹೋದಳೆಂದು ದನ ಕಾಯುವವಳೊಬ್ಬಳು ಹೇಳಿದಳು. ಹಿಂದಿನ ದಿನ. ಒಂದು ದಿನ ಮೊದಲು ಬಾಯಿಬಿಟ್ಟಿದ್ದರೆ ಅವಳು ಇಲ್ಲೇ ಸಿಗುತ್ತಿದ್ದಳು. ಬೂಚಯ್ಯ ಆ ಮಳೆಗಾಲವೆಲ್ಲ ಘಟ್ಟದ ಕೆಳಗಿನ ಊರುಗಳಲ್ಲಿ ಅಲೆದ. ಅವಳನ್ನು ಕಂಡವರಿದ್ದರು, ಅವಳು ಮಾತ್ರ ಸಿಗಲಿಲ್ಲ.

ಊರು ಅವನಿಗೆ ಶಿಕ್ಷೆ ಕೊಡಲಿಲ್ಲ. ಮುದುಕಿಯನ್ನು ಓಡಿಸಿದ ಬಾಯಿಗಳಿಂದ ಇವನಿಗೆ ಏನೆಂದು ಹೇಳುವುದು? ಅವನು ಮಾತ್ರ ಬಾನಿ ಮುಟ್ಟುವುದನ್ನು ಬಿಟ್ಟ. ಅಂದಿನಿಂದ ಕಾನಮ್ಮನಿಗೆ ಉಡಿಸುವುದು ಬಣ್ಣ ಕಾಣದ ಬಿಳಿ ಸೀರೆ. ಮೂರು ಹುಣ್ಣಿಮೆ ಊರು ಗುಡ್ಡ ಹತ್ತಿ, ದನಿಯಿಲ್ಲದ ಮರದ ಕೆಳಗೆ ಸಂಜೆಯವರೆಗೆ ಕುಳಿತು, ಸೀರೆಯನ್ನು ಹಾಗೆಯೇ ವಾಪಸು ತಂದಿತು. ನಾಲ್ಕನೆಯ ವರ್ಷ ಯಾವ ದೂರದ ಕಾಡಿನಿಂದಲೋ ಬಂದ ಒಂದು ಹಕ್ಕಿ ಕೂಗಿತು. ಹೆಂಗಸರು ಗಂಡಸರೆನ್ನದೆ ಎಲ್ಲರೂ ಅತ್ತರು ಎನ್ನುತ್ತಾರೆ. ಬೂಚಯ್ಯ ಆ ಕಲ್ಲಿನ ಪಕ್ಕದ ನೆಲದಲ್ಲಿ ಕುಳಿತಿದ್ದ, ಅವನಿಗೆ ಅಳುವ ಹಕ್ಕು ತನಗಿದೆಯೆಂದು ಅನ್ನಿಸಲಿಲ್ಲ. ದುಗ್ಗಜ್ಜಿಗೆ ಹಾಕಿದ್ದ ಗಡುವು ಮುಗಿದಿತ್ತು, ಬರಬೇಕಾದವಳು ಇರಲಿಲ್ಲ.

ಕಲ್ಲಿಗೆ ಹೆಸರು ಬಿದ್ದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಯಾರೂ ಬೇಕೆಂದು ಇಟ್ಟದ್ದಲ್ಲ. ದನ ಎಲ್ಲಿವೆ ಎಂದರೆ ಸುಮ್ಮನಿದ್ದವನ ಕಲ್ಲಿನ ಹತ್ತಿರ, ಕತ್ತಿ ಎಲ್ಲಿ ಬಿಟ್ಟೆ ಎಂದರೆ ಸುಮ್ಮನಿದ್ದವನ ಕಲ್ಲಿನ ಮೇಲೆ, ಹೀಗೆ ಬಾಯಿಂದ ಬಾಯಿಗೆ ಗಟ್ಟಿಯಾಯಿತು. ಮಾಕವ್ವ ನೊಂದುಕೊಂಡಳು. ಗೌರವಕ್ಕೆ ಬೂಚಯ್ಯನ ಕಲ್ಲು ಎಂದಾದರೂ ಕರೆಯಲಿ ಎಂದು ಜೋಗಯ್ಯನಿಗೆ ಹೇಳಿಸಿದಳು. ಬೂಚಯ್ಯ ಬೇಡವೆಂದ. "ಬೂಚಯ್ಯ ಅಂದ್ರೆ ಮುಂದೆ ಯಾವನೋ ದೊಡ್ಡ ಮನುಷ್ಯ ಇದ್ದ ಅಂದ್ಕೋತಾರೆ ಕಣೇ" ಎಂದನಂತೆ. ಅವನಿಗೆ ಕೂದಲೆಲ್ಲ ನರೆತ ಮೇಲೆ ಒಮ್ಮೆ ಘಟ್ಟದ ಕೆಳಗಿನಿಂದ ಬಂದ ಒಬ್ಬ ನಡುವಯಸ್ಸಿನ ಹೆಂಗಸು, ಅವನ ಮನೆಯ ಮುಂದೆಯೇ ನಿಂತು, ಸುಮ್ಮನಿದ್ದವನ ಕಲ್ಲಿಗೆ ದಾರಿ ಯಾವುದು ಎಂದು ಕೇಳಿದಳು. ಕೈಯಲ್ಲಿ ಜೇನು ಕೀಳುವವರ ಬೆತ್ತದ ಬುಟ್ಟಿಯಿತ್ತು. ಬೂಚಯ್ಯ ಕೋಲೂರಿಕೊಂಡು ಎದ್ದು ಮುಂದೆ ನಡೆದ. ಕಲ್ಲಿನ ಹತ್ತಿರ ನಿಂತಾಗ, "ಅವನು ಯಾರು? ಬದುಕಿದ್ದಾನಾ?" ಎಂದಳು.

"ನಾನೇ ತಾಯಿ" ಎಂದ ಬೂಚಯ್ಯ. ಬಾನಿ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿತ್ತೆನ್ನುವ ಕೈಗಳನ್ನು ಅವಳಿಗೆ ಕಾಣುವಂತೆ ಮುಂದೆ ಹಿಡಿದು, ಮೊದಲಿನಿಂದ ಎಲ್ಲವನ್ನೂ ಹೇಳಿದ. ಅವಳು ದುಗ್ಗಜ್ಜಿಗೆ ಏನಾಗಬೇಕೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳಿ ಮುಗಿಸಿ, ಬುಟ್ಟಿಯನ್ನು ಎತ್ತಿಕೊಂಡು, ಬಂದ ದಾರಿಯಲ್ಲಿ ಇಳಿದುಹೋದಳು. ಆಮೇಲೆ ಯಾರು ಬಂದು ಕೇಳಿದರೂ ಅವನು ತಾನೇ ಕರೆದೊಯ್ದು ಹೇಳುತ್ತಿದ್ದ. ಅವನು ಸತ್ತ ಮೇಲೆ ಊರು ಹೇಳಬೇಕಾಯಿತು. ಕೇಳಿದವರಿಗೆ ಹೇಳದೆ ಸುಮ್ಮನಿರುವುದು ಆ ಊರಿನಲ್ಲಿ ಇಂದಿಗೂ ಯಾರಿಗೂ ಧೈರ್ಯ ಸಾಲದ ಕೆಲಸ.

ಈಗಲೂ ಚೈತ್ರದಲ್ಲಿ ಹೋದವರು ನೋಡಬಹುದು. ಗುಡ್ಡ ಏರಿದ ಜನ ಬೆವರು ಒರೆಸಿಕೊಳ್ಳುತ್ತಾ ಬೇರುಗಳ ಮೇಲೆ, ತೇವದ ನೆಲದ ಮೇಲೆ, ಇಂಬಳಗಳ ನಡುವೆಯೇ ಮುದುಡಿ ಕೂರುತ್ತಾರೆ. ಮುದುಕರು, ಬಸುರಿಯರು, ಕೂಸು ಹೊತ್ತವರು ಕೂಡ ಹಾಗೆಯೇ. ಒಣಗಿದ, ಚೊಕ್ಕಟವಾದ ಜಾಗವೆಂದರೆ ಅಲ್ಲಿ ಆ ಕಲ್ಲೊಂದೇ. ಅದರ ಮೇಲೆ ಯಾರೂ ಕೂರುವುದಿಲ್ಲ.